ಸಸ್ಯಹೇನಿಗೆ ಔಷಧಿ ಏಕೆ ನಾಟುತ್ತಿಲ್ಲ?

ಮೆಣಸಿನಕಾಯಿ, ಹತ್ತಿ, ಆಲೂಗಡ್ಡೆ, ಎಲೆಕೋಸು, ಅವರೆ, ಕುಸುಬೆ, ತಂಬಾಕು ಹೀಗೆ ಬೆಳೆ ಯಾವುದೇ ಇರಲಿ, ಚಿಗುರಿನಲ್ಲಿ ಹಾಗೂ ಎಲೆಯ ತಳಭಾಗದಲ್ಲಿ ಗುಂಪುಗೂಡಿ ರಸ ಹೀರುವ ಸಾಸಿವೆ ಕಾಳಿನ ಗಾತ್ರದ ಕೀಟವೊಂದು ರೈತರಿಗೆ ಚಿರಪರಿಚಿತ. ಅದೇ ಸಸ್ಯಹೇನು. ಒಂದು ಕಾಲಕ್ಕೆ ಒಂದೇ ಸಿಂಪಡಣೆಗೆ ಉದುರುತ್ತಿದ್ದ ಈ ಹೇನು ಇಂದು ಜಗತ್ತಿನ ಹಲವು ಭಾಗಗಳಲ್ಲಿ ಎರಡು, ಮೂರು ಸಿಂಪಡಣೆಗಳಿಗೂ ಜಗ್ಗದೆ ಉಳಿಯುತ್ತಿದೆ. ಔಷಧಿ ಕಲಬೆರಕೆಯಾಗಿರಬೇಕು ಎಂಬ ಅನುಮಾನ ಮೊದಲು ಮೂಡುವುದು ಸಹಜ. ಕೆಲವೊಮ್ಮೆ ಆ ಅನುಮಾನ ನಿಜವೂ ಇರಬಹುದು. ಆದರೆ ಅಸಲಿ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಸಿಂಪಡಿಸಿದಾಗಲೂ ಹೇನು ಸಾಯದೆ ಉಳಿಯುವುದಕ್ಕೆ ಕಾರಣ ಬೇರೆಯೇ ಇದೆ. ಅದನ್ನು ವಿಜ್ಞಾನಿಗಳು ‘ಕೀಟನಾಶಕ ನಿರೋಧಕತೆ’ ಎಂದು ಕರೆಯುತ್ತಾರೆ.

ರೈತರ ಖರ್ಚು, ಕೃಷಿ ಕಾರ್ಮಿಕರ ಆರೋಗ್ಯ ಹಾಗೂ ನಗರದ ಅಡುಗೆಮನೆಗೆ ಬರುವ ತರಕಾರಿಯಲ್ಲಿನ ವಿಷದ ಶೇಷ, ಈ ಮೂರಕ್ಕೂ ನಿರೋಧಕತೆಯೊಂದಿಗೆ ನೇರ ನಂಟಿದೆ.

ಗಂಡಿಲ್ಲದೆ ಬೆಳೆಯುವ ಸಂತಾನ

ಜಗತ್ತಿನಲ್ಲಿ ಸುಮಾರು 5,000 ಪ್ರಭೇದದ ಸಸ್ಯಹೇನುಗಳನ್ನು ಗುರುತಿಸಲಾಗಿದೆ. ಬೆಳೆಗಳಿಗೆ ಗಂಭೀರ ಹಾನಿ ಮಾಡುವಂತಹವು ನೂರರ ಆಸುಪಾಸು ಮಾತ್ರ. ಅವುಗಳಲ್ಲಿ ಹಸಿರು ಪೀಚ್ ಹೇನು (ಮೈಝಸ್ ಪರ್ಸಿಕೆ) ಮತ್ತು ಹತ್ತಿ ಹೇನು (ಏಫಿಸ್ ಗಾಸಿಪಿ) ಪ್ರಮುಖವಾದವು. ಪೀಚ್ ಹಣ್ಣಿನ ಮರದ ಹೆಸರು ಹೊತ್ತಿದ್ದರೂ ಮೊದಲನೆಯದು 400ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು. ಆಲೂಗಡ್ಡೆ, ಮೆಣಸಿನಕಾಯಿ, ತಂಬಾಕು, ಎಲೆಕೋಸು ಎಲ್ಲವೂ ಅದಕ್ಕೆ ಆಹಾರ. ಹತ್ತಿ ಹೇನು ಹತ್ತಿಯ ಜೊತೆಗೆ ಬೆಂಡೆ, ಬದನೆ, ಕಲ್ಲಂಗಡಿ, ಸೌತೆ ಬಳ್ಳಿಗಳಿಗೂ ಮುತ್ತುತ್ತದೆ.

ಸಸ್ಯಹೇನಿನ ಸಂತಾನೋತ್ಪತ್ತಿಯ ವಿಧಾನ ವಿಶಿಷ್ಟವಾದುದು. ಬೆಚ್ಚನೆಯ ಹವೆಯಲ್ಲಿ ಹೆಣ್ಣು ಹೇನು ಗಂಡಿನ ಸಂಪರ್ಕವಿಲ್ಲದೆ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿಗಳನ್ನು ಹಾಕುತ್ತದೆ. ಹುಟ್ಟುವ ಮರಿಗಳೆಲ್ಲವೂ ಹೆಣ್ಣು. ತಾಯಿಯ ಹೊಟ್ಟೆಯಲ್ಲಿರುವ ಮರಿಯೊಳಗೆ ಆಗಲೇ ಅದರ ಮುಂದಿನ ಪೀಳಿಗೆಯ ಭ್ರೂಣ ಬೆಳೆಯತೊಡಗಿರುತ್ತದೆ. ಹುಟ್ಟಿದ ಮರಿ ಒಂದು ವಾರದಿಂದ ಹತ್ತು ದಿನಗಳೊಳಗೆ ತಾನೇ ತಾಯಿಯಾಗುತ್ತದೆ. ಗಿಡದಲ್ಲಿ ಜನಸಂದಣಿ ಹೆಚ್ಚಾದರೆ ರೆಕ್ಕೆಯುಳ್ಳ ಹೇನುಗಳು ಹುಟ್ಟಿ ಗಾಳಿಯೊಂದಿಗೆ ಪಕ್ಕದ ಹೊಲಕ್ಕೆ, ಪಕ್ಕದ ಊರಿಗೆ ಹಾರಿಹೋಗುತ್ತವೆ.

ತಾಯಿಯ ಗುಣವೆಲ್ಲವೂ ಯಥಾವತ್ತಾಗಿ ಮಗಳಿಗೆ ದಾಟುವುದು ಈ ವಿಧಾನದ ಮುಖ್ಯ ಪರಿಣಾಮ. ವಿಷವನ್ನು ತಾಳಿಕೊಳ್ಳುವ ಒಂದು ಹೇನು ಸಿಂಪಡಣೆಯಲ್ಲಿ ಬದುಕುಳಿದರೆ ಸಾಕು. ಕೆಲವೇ ವಾರಗಳಲ್ಲಿ ಆ ಗಿಡದ ತುಂಬ ಅದೇ ಗುಣದ ಸಾವಿರಾರು ಹೇನುಗಳು ತುಂಬಿಕೊಳ್ಳುತ್ತವೆ.

ನಿರೋಧಕತೆ ಎಂದರೇನು?

ಹೇನು ದಿನವೂ ಸ್ವಲ್ಪ ಸ್ವಲ್ಪ ವಿಷ ಕುಡಿದು ಅದಕ್ಕೆ ಒಗ್ಗಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಯಾವುದೇ ಕೀಟಸಮೂಹದಲ್ಲಿ ವಂಶವಾಹಿಯ ಆಕಸ್ಮಿಕ ವ್ಯತ್ಯಾಸದಿಂದ ವಿಷವನ್ನು ತಾಳಿಕೊಳ್ಳಬಲ್ಲ ಬೆರಳೆಣಿಕೆಯ ಕೀಟಗಳು ಮೊದಲೇ ಇರಬಹುದು, ಇಲ್ಲವೇ ಯಾವಾಗಲಾದರೂ ಹುಟ್ಟಬಹುದು. ಸಿಂಪಡಣೆಯು ಉಳಿದವನ್ನೆಲ್ಲ ಕೊಂದು ಇವನ್ನು ಮಾತ್ರ ಉಳಿಸುತ್ತದೆ. ಅದೇ ವಿಷವನ್ನು ಮತ್ತೆ ಮತ್ತೆ ಬಳಸಿದಂತೆಲ್ಲ ಉಳಿದವುಗಳ ಸಂತತಿಯೇ ಹೊಲವನ್ನು ಆಳತೊಡಗುತ್ತದೆ. ಹೀಗೆ ನಿರೋಧಕ ಕೀಟವನ್ನು ಆರಿಸಿ ಬೆಳೆಸುವುದು ಸಿಂಪಡಣೆಯೇ ಆಗಿದೆ.

ಈ ವಿದ್ಯಮಾನವನ್ನು ಮೊದಲು ವೈಜ್ಞಾನಿಕವಾಗಿ ದಾಖಲಿಸಿದವರು ಅಮೆರಿಕದ ಕೀಟತಜ್ಞ ಎ.ಎಲ್. ಮೆಲಾಂಡರ್. ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಸುಣ್ಣ-ಗಂಧಕದ ದ್ರಾವಣಕ್ಕೆ ಸ್ಯಾನ್ ಹೋಸೆ ಶಲ್ಕ ಕೀಟ ಸಾಯದಿರುವುದನ್ನು ಅವರು 1914ರಲ್ಲಿ ವರದಿ ಮಾಡಿದರು. ಆಗ ಅದೊಂದು ಅಪವಾದವೆಂಬಂತೆ ಕಂಡಿತ್ತು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಮತ್ತಿತರ ಸಂಶ್ಲೇಷಿತ ಕೀಟನಾಶಕಗಳು ಹೊಲಕ್ಕೆ ಬಂದ ಮೇಲೆ ಅಪವಾದವೇ ನಿಯಮವಾಯಿತು.

ಏಳು ದಶಕಗಳ ಇತಿಹಾಸ

ನಿರೋಧಕತೆಯ ಕಥೆಯನ್ನು ಅತ್ಯಂತ ಸ್ಪಷ್ಟವಾಗಿ ಹೇಳುವ ಕೀಟವೆಂದರೆ ಹಸಿರು ಪೀಚ್ ಹೇನು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳಿಗೆ ಅದು ಬಗ್ಗುತ್ತಿಲ್ಲವೆಂಬ ವರದಿ ಅಮೆರಿಕದಿಂದ ಬಂದದ್ದು 1955ರಲ್ಲಿ. ಅಂದಿನಿಂದ ಇಂದಿನವರೆಗೆ 70ಕ್ಕೂ ಹೆಚ್ಚು ಕೀಟನಾಶಕಗಳ ವಿರುದ್ಧ ಅದರ ನಿರೋಧಕತೆ ದಾಖಲಾಗಿದೆ. ಮನುಷ್ಯ ತಂದ ಪ್ರತಿಯೊಂದು ಪ್ರಮುಖ ಗುಂಪಿನ ವಿಷಕ್ಕೂ ಈ ಹೇನಿನ ದೇಹದಲ್ಲಿ ಒಂದಲ್ಲ ಒಂದು ಮಾರ್ಪಾಡು ಪ್ರಕಟವಾಗಿದೆ.

ಮೊದಲನೆಯ ಮಾರ್ಪಾಡನ್ನು ಬಯಲಿಗೆಳೆದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಅಲನ್ ಡೆವನ್‌ಶೈರ್ ಮತ್ತವರ ಸಹೋದ್ಯೋಗಿಗಳು 1970 ಹಾಗೂ 1980ರ ದಶಕಗಳಲ್ಲಿ ನಡೆಸಿದ ಅಧ್ಯಯನಗಳಿಂದ ತಿಳಿದುಬಂದ ಸಂಗತಿ ಹೀಗಿದೆ: ಹೇನಿನ ದೇಹದಲ್ಲಿ ಎಸ್ಟರೇಸ್ ಎಂಬ ಕಿಣ್ವವಿರುತ್ತದೆ. ಇದು ಕೀಟನಾಶಕದ ಅಣುಗಳನ್ನು ಹಿಡಿದಿಟ್ಟು, ನಿಧಾನವಾಗಿ ಒಡೆದುಹಾಕುತ್ತದೆ. ಸಾಮಾನ್ಯ ಹೇನಿನಲ್ಲಿ ಈ ಕಿಣ್ವ ಅಲ್ಪ ಪ್ರಮಾಣದಲ್ಲಿರುವುದರಿಂದ ವಿಷದ ಮುಂದೆ ಅದರ ಆಟ ನಡೆಯುವುದಿಲ್ಲ. ಆದರೆ ನಿರೋಧಕ ಹೇನುಗಳಲ್ಲಿ ಕಿಣ್ವವನ್ನು ತಯಾರಿಸುವ ವಂಶವಾಹಿಯೇ ನಕಲುಗೊಂಡು, ಅತಿ ಹೆಚ್ಚು ನಿರೋಧಕ ತಳಿಗಳಲ್ಲಿ 80 ಪ್ರತಿಗಳವರೆಗೆ ಹೆಚ್ಚಿರುತ್ತದೆ. ಕಿಣ್ವದ ಪ್ರಮಾಣವೂ ಅದಕ್ಕನುಗುಣವಾಗಿ ಏರಿ, ವಿಷವು ನರಮಂಡಲ ತಲುಪುವ ಮೊದಲೇ ಸೆರೆಯಾಗುತ್ತದೆ.

ಎರಡನೆಯ ಮಾರ್ಪಾಡು ವಿಷದ ಗುರಿಯಲ್ಲಿಯೇ ಆದದ್ದು. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್‌ಗಳು ನರಗಳ ಸಂದೇಶವಾಹನೆಗೆ ಅಗತ್ಯವಾದ ಒಂದು ಕಿಣ್ವವನ್ನು ಸ್ತಬ್ಧಗೊಳಿಸಿ ಕೀಟವನ್ನು ಕೊಲ್ಲುತ್ತವೆ. ಆ ಕಿಣ್ವದ ರಚನೆಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದ ಹೇನುಗಳಲ್ಲಿ, ಹೇನುಗಳಿಗೆಂದೇ ಬಳಸುತ್ತಿದ್ದ ಪಿರಿಮಿಕಾರ್ಬ್ ಎಂಬ ಕಾರ್ಬಮೇಟ್ ನಿಷ್ಫಲವಾಯಿತು. 1990ರ ದಶಕದ ಮಧ್ಯಭಾಗದಲ್ಲಿ ಇಂತಹ ಹೇನುಗಳು ಇಂಗ್ಲೆಂಡಿನ ಆಲೂಗಡ್ಡೆ ಹೊಲಗಳಿಗೂ ಲಗ್ಗೆ ಇಟ್ಟವು. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳ ವಿರುದ್ಧ ಮೂರನೆಯ ಮಾರ್ಪಾಡು ಕಾಣಿಸಿಕೊಂಡಿತು. ಈ ಬಾರಿ ಬದಲಾದದ್ದು ನರತಂತುವಿನ ಸೋಡಿಯಂ ನಾಳ.

ಒಂದೇ ಹೇನಿನಲ್ಲಿ ಈ ಮೂರೂ ಮಾರ್ಪಾಡುಗಳು ಸೇರಿಕೊಳ್ಳಬಹುದು ಎಂಬುದು ಕಳವಳದ ಸಂಗತಿ. ಅಂತಹ ಹೇನಿನ ಮುಂದೆ ಹಳೆಯ ಮೂರೂ ಗುಂಪುಗಳ ಔಷಧಿಗಳು ಬಹುಮಟ್ಟಿಗೆ ಕೈಚೆಲ್ಲುತ್ತವೆ.

ತಂಬಾಕು ಕಲಿಸಿದ ಪಾಠ

1991ರಲ್ಲಿ ಇಮಿಡಾಕ್ಲೋಪ್ರಿಡ್ ಮಾರುಕಟ್ಟೆಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಇದು ನಿಯೋನಿಕೋಟಿನಾಯ್ಡ್ ಗುಂಪಿನ ಮೊದಲ ಔಷಧಿ. ಹೆಸರೇ ಸೂಚಿಸುವಂತೆ ಇದರ ಕಾರ್ಯವಿಧಾನ ತಂಬಾಕಿನ ನಿಕೋಟಿನ್‌ನದೇ. ಗಿಡದ ರಸದಲ್ಲಿ ಬೆರೆತು ಎಲ್ಲೆಡೆ ಹರಿಯುವುದರಿಂದ ರಸ ಹೀರುವ ಕೀಟಗಳಿಗೆ ಇದು ಮಾರಕವಾಯಿತು. ಬೀಜಕ್ಕೆ ಲೇಪಿಸಿದರೂ ಸಾಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಈ ಗುಂಪು ಜಗತ್ತಿನ ಅತಿ ಹೆಚ್ಚು ಮಾರಾಟದ ಕೀಟನಾಶಕಗಳ ಸಾಲಿಗೆ ಸೇರಿತು.

ಪೀಚ್ ಹೇನಿನ ಒಂದು ಕವಲು ಬಹಳ ಹಿಂದೆಯೇ ತಂಬಾಕಿನ ಗಿಡವನ್ನು ನೆಲೆ ಮಾಡಿಕೊಂಡಿತ್ತು. ನಿಕೋಟಿನ್ ತುಂಬಿದ ಆ ಗಿಡದಲ್ಲಿ ಅದು ಬದುಕುವುದು ಹೇಗೆ ಎಂಬ ಪ್ರಶ್ನೆಗೆ 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ನೀಡಿತು. ನಿಕೋಟಿನ್ ಅನ್ನು ಒಡೆಯುವ ಪಿ450 ಕುಟುಂಬದ ಕಿಣ್ವವೊಂದರ ವಂಶವಾಹಿ ಈ ಹೇನಿನಲ್ಲಿ ಅನೇಕ ಪ್ರತಿಗಳಾಗಿ ಹೆಚ್ಚಿತ್ತು. ಅದೇ ಕಿಣ್ವ ಇಮಿಡಾಕ್ಲೋಪ್ರಿಡ್‌ನಂತಹ ಔಷಧಿಯನ್ನೂ ಒಡೆಯಬಲ್ಲದು. ಅಂದರೆ ಹೊಸ ಔಷಧಿ ಪ್ರಯೋಗಾಲಯದಿಂದ ಹೊರಬರುವ ಮುನ್ನವೇ ಅದಕ್ಕೆ ಪ್ರತಿವಿಷ ತಂಬಾಕಿನ ಹೊಲದಲ್ಲಿ ಸಿದ್ಧವಾಗಿತ್ತು. ಪಿರಿಯಾಪಟ್ಟಣ, ಹುಣಸೂರು ಭಾಗದಲ್ಲಿ ವ್ಯಾಪಕವಾಗಿ ತಂಬಾಕು ಬೆಳೆಯುವ ಕರ್ನಾಟಕಕ್ಕೆ ಈ ಸಂಗತಿ ಅಪ್ರಸ್ತುತವಲ್ಲ.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 2009ರಲ್ಲಿ. ದಕ್ಷಿಣ ಫ್ರಾನ್ಸಿನ ಪೀಚ್ ತೋಟದಿಂದ ಸಂಗ್ರಹಿಸಿದ ಹೇನುಗಳಲ್ಲಿ, ನಿಯೋನಿಕೋಟಿನಾಯ್ಡ್‌ಗಳು ಅಂಟಿಕೊಳ್ಳುವ ನರಗ್ರಾಹಕವೇ ಬದಲಾಗಿತ್ತು. ಬೀಗ ಬದಲಾದ ಮೇಲೆ ಹಳೆಯ ಕೀಲಿಕೈ ಕೆಲಸಕ್ಕೆ ಬಾರದಂತಾಯಿತು. ಸ್ಪೇನ್ ಮತ್ತು ಇಟಲಿಗಳಲ್ಲೂ ಇಂತಹ ಹೇನುಗಳು ಕಂಡುಬಂದವು. ಚೀನಾ ಸೇರಿದಂತೆ ಪೂರ್ವ ಏಷ್ಯಾದಲ್ಲಿ ಹತ್ತಿ ಹೇನಿನಲ್ಲಿಯೂ ಇದೇ ಮಾರ್ಪಾಡು ಪತ್ತೆಯಾಗಿದೆ. ನಂತರ ಬಂದ ಸ್ಪೈರೋಟೆಟ್ರಾಮ್ಯಾಟ್ ಎಂಬ ಭಿನ್ನ ಗುಂಪಿನ ಔಷಧಿಗೂ ಪೀಚ್ ಹೇನು ನಿರೋಧಕತೆ ಗಳಿಸಿರುವುದು 2022ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು.

ಹೆಸರು ಹಲವು, ವಿಷ ಒಂದೇ

ಒಂದು ಔಷಧಿ ನಾಟದಿದ್ದರೆ ಇನ್ನೊಂದನ್ನು ತರುವುದು ರೈತರ ರೂಢಿ. ಆದರೆ ಅಂಗಡಿಯಲ್ಲಿ ಡಬ್ಬಿಯ ಬಣ್ಣ, ಕಂಪನಿಯ ಹೆಸರು ಬದಲಾದ ಮಾತ್ರಕ್ಕೆ ವಿಷ ಬದಲಾಗಿರುವುದಿಲ್ಲ. ಕೀಟನಾಶಕಗಳನ್ನು ಅವು ಕೀಟವನ್ನು ಕೊಲ್ಲುವ ವಿಧಾನದ ಆಧಾರದ ಮೇಲೆ ಗುಂಪುಗಳಾಗಿ ವಿಂಗಡಿಸಲಾಗಿದೆ. 1984ರಲ್ಲಿ ಸ್ಥಾಪನೆಯಾದ ‘ಐರ್ಯಾಕ್’ ಎಂಬ ಅಂತರರಾಷ್ಟ್ರೀಯ ಸಮಿತಿ ಈ ಗುಂಪುಗಳಿಗೆ ಸಂಖ್ಯೆ ನೀಡಿದೆ. ಸಸ್ಯಹೇನಿಗೆ ಸಂಬಂಧಿಸಿದ ಮುಖ್ಯ ಗುಂಪುಗಳು ಹೀಗಿವೆ:

* ಗುಂಪು 1: ಕಾರ್ಬಮೇಟ್‌ಗಳು ಹಾಗೂ ಆರ್ಗನೋಫಾಸ್ಫೇಟ್‌ಗಳು. ಡೈಮಿಥೊಯೇಟ್, ಅಸಿಫೇಟ್ ಇದರಲ್ಲಿ ಬರುತ್ತವೆ.
* ಗುಂಪು 3: ಪೈರೆಥ್ರಾಯ್ಡ್‌ಗಳು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಇತ್ಯಾದಿ.
* ಗುಂಪು 4: ನಿಯೋನಿಕೋಟಿನಾಯ್ಡ್‌ಗಳಾದ ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್, ಅಸಿಟಾಮಿಪ್ರಿಡ್. ಸಲ್ಫಾಕ್ಸಾಫ್ಲೋರ್ ಕೂಡ ಇದೇ ಗುಂಪಿನ ಉಪವಿಭಾಗ.
* ಗುಂಪು 9: ಪೈಮೆಟ್ರೋಜಿನ್, ಅಫಿಡೊಪೈರೋಪೆನ್.
* ಗುಂಪು 23: ಸ್ಪೈರೋಟೆಟ್ರಾಮ್ಯಾಟ್.
* ಗುಂಪು 29: ಫ್ಲೋನಿಕಾಮಿಡ್.

ಹತ್ತಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿರುವ ಪ್ರೋಟೀನು ಕಾಯಿಕೊರಕವನ್ನು ಗುರಿಯಾಗಿಟ್ಟುಕೊಂಡದ್ದು. ರಸ ಹೀರುವ ಹೇನು, ಜಿಗಿಹುಳುಗಳ ಮೇಲೆ ಅದರ ಪರಿಣಾಮವಿಲ್ಲ. ಆದ್ದರಿಂದ ಬಿಟಿ ಬೀಜಗಳನ್ನು ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಲೇಪನದೊಂದಿಗೆ ಮಾರಲಾಗುತ್ತದೆ. ಬೆಳೆ ಬೆಳೆದ ಮೇಲೆ ಹೇನು ಕಂಡರೆ ರೈತ ಅಸಿಟಾಮಿಪ್ರಿಡ್ ಸಿಂಪಡಿಸುತ್ತಾನೆ. ಅದು ನಾಟದಿದ್ದರೆ ಥಯಾಮಿಥಾಕ್ಸಾಮ್ ತರುತ್ತಾನೆ. ಮೂರು ಹೆಸರು, ಮೂರು ಬಿಲ್ಲು, ಆದರೆ ಗುಂಪು ಒಂದೇ. ಹೇನಿನ ದೃಷ್ಟಿಯಲ್ಲಿ ಅದು ಒಂದೇ ವಿಷದ ಮೂರನೆಯ ಸಿಂಪಡಣೆ.

ಡಬ್ಬಿಯ ಮೇಲಿರುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಈ ಗುಂಪುಗಳನ್ನು ಸೂಚಿಸುವುದಿಲ್ಲ ಎಂಬುದೂ ಗಮನಾರ್ಹ. ಆ ಬಣ್ಣಗಳು ಮನುಷ್ಯನಿಗೆ ಆ ಔಷಧಿ ಎಷ್ಟು ಅಪಾಯಕಾರಿ ಎಂಬುದನ್ನಷ್ಟೇ ತಿಳಿಸುತ್ತವೆ. ಕೆಂಪು ಗುರುತಿನ ಔಷಧಿ ಹೇನಿನ ಮೇಲೆ ಹೆಚ್ಚು ಪರಿಣಾಮಕಾರಿ ಎಂದು ಭಾವಿಸುವುದು ತಪ್ಪು ತಿಳಿವಳಿಕೆ.

ಯುರೋಪಿನ ಇಕ್ಕಟ್ಟು

ಔಷಧಿಯೊಂದರ ಮೇಲೆ ಪೂರ್ಣವಾಗಿ ಅವಲಂಬಿಸಿದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಸಕ್ಕರೆ ಬೀಟ್ ಬೆಳೆಗಾರರ ಅನುಭವ ನಿದರ್ಶನವಾಗಿದೆ. ಜೇನುನೊಣಗಳಿಗೆ ಹಾನಿಯಾಗುತ್ತದೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು 2013ರಲ್ಲಿ ನಿರ್ಬಂಧಿಸಿದ ಮೂರು ನಿಯೋನಿಕೋಟಿನಾಯ್ಡ್‌ಗಳನ್ನು 2018ರಲ್ಲಿ ಎಲ್ಲ ಬಯಲು ಬೆಳೆಗಳಲ್ಲೂ ನಿಷೇಧಿಸಿತು. ಬೀಟ್ ಬೆಳೆಗೆ ಹಳದಿ ರೋಗದ ವೈರಸ್ ತರುವುದು ಪೀಚ್ ಹೇನು. ಬೀಜಲೇಪನ ನಿಂತುಹೋದ ಮೇಲೆ ಸಿಂಪಡಣೆಗೆ ಮರಳೋಣವೆಂದರೆ, ಹೇನು ಪೈರೆಥ್ರಾಯ್ಡ್ ಹಾಗೂ ಪಿರಿಮಿಕಾರ್ಬ್‌ಗಳಿಗೆ ಆಗಲೇ ನಿರೋಧಕವಾಗಿತ್ತು.

2020ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ಹಳದಿ ರೋಗ ವ್ಯಾಪಕವಾಗಿ ಹರಡಿ ಬೆಳೆಗಾರರು ಅಪಾರ ನಷ್ಟ ಅನುಭವಿಸಿದರು. ಎರಡೂ ಸರ್ಕಾರಗಳು ನಿಷೇಧಿತ ಔಷಧಿಗೆ ತುರ್ತು ಅನುಮತಿ ನೀಡಬೇಕಾಯಿತು. ಇಂತಹ ವಿನಾಯಿತಿ ಕಾನೂನುಬಾಹಿರ ಎಂದು ಐರೋಪ್ಯ ನ್ಯಾಯಾಲಯ 2023ರ ಜನವರಿಯಲ್ಲಿ ತೀರ್ಪಿತ್ತಿತು. ಬ್ರಿಟನ್ ಸರ್ಕಾರವೂ 2025ರ ಜನವರಿಯಲ್ಲಿ ತುರ್ತು ಅನುಮತಿಯನ್ನು ನಿರಾಕರಿಸಿತು. ಹಳೆಯ ಔಷಧಿಗಳನ್ನು ನಿರೋಧಕತೆ ನುಂಗಿತ್ತು, ಹೊಸದನ್ನು ಪರಿಸರ ಕಾಳಜಿ ತಡೆಯಿತು. ರೈತ ಇವೆರಡರ ನಡುವೆ ಸಿಲುಕಿದ.

ವೈರಸ್ ರೋಗಕ್ಕೆ ಸಿಂಪಡಣೆ ಪರಿಹಾರವೇ?

ಹೇನು ಹೀರುವ ರಸಕ್ಕಿಂತ ಅದು ಹರಡುವ ವೈರಸ್ ರೋಗಗಳಿಂದ ಆಗುವ ನಷ್ಟ ಹಲವು ಬೆಳೆಗಳಲ್ಲಿ ಹೆಚ್ಚು. ಪೀಚ್ ಹೇನೊಂದೇ ನೂರಕ್ಕೂ ಹೆಚ್ಚು ಸಸ್ಯ ವೈರಸ್‌ಗಳನ್ನು ಹರಡಬಲ್ಲದು. ಪಪ್ಪಾಯಿಯ ಉಂಗುರ ಚುಕ್ಕೆ ರೋಗ, ಬಾಳೆಯ ಗೊಂಚಲು ತಲೆ ರೋಗ, ಮಲೆನಾಡು ಹಾಗೂ ಕೊಡಗಿನ ಏಲಕ್ಕಿ ಬೆಳೆಗಾರರನ್ನು ತಲೆಮಾರುಗಳಿಂದ ಕಾಡುತ್ತಿರುವ ‘ಕಟ್ಟೆ ರೋಗ’ ಎಲ್ಲವೂ ಹರಡುವುದು ವಿವಿಧ ಜಾತಿಯ ಹೇನುಗಳಿಂದಲೇ.

ಇವುಗಳಲ್ಲಿ ಪಪ್ಪಾಯಿಯ ಉಂಗುರ ಚುಕ್ಕೆಯಂತಹ ವೈರಸ್‌ಗಳು ಹೇನಿನ ಬಾಯಿಯ ತುದಿಗೆ ಅಂಟಿಕೊಂಡು ಸಾಗುತ್ತವೆ. ರೋಗದ ಗಿಡಕ್ಕೆ ಚುಚ್ಚಿದ ಹೇನು ಆರೋಗ್ಯವಂತ ಗಿಡದ ರುಚಿ ನೋಡಲು ಕೆಲವೇ ಕ್ಷಣ ಚುಚ್ಚಿದರೂ ಸೋಂಕು ದಾಟಿರುತ್ತದೆ. ಅತ್ಯಂತ ತೀಕ್ಷ್ಣವಾದ ಔಷಧಿಯೂ ಅಷ್ಟು ಬೇಗ ಹೇನನ್ನು ಕೊಲ್ಲಲಾರದು. ಇಂತಹ ರೋಗಗಳ ಹೆಸರಿನಲ್ಲಿ ವಾರಕ್ಕೊಮ್ಮೆ ಮಾಡುವ ಸಿಂಪಡಣೆಯಿಂದ ರೋಗ ನಿಲ್ಲುವುದು ಅಪರೂಪ, ನಿರೋಧಕ ಹೇನು ಬೆಳೆಯುವುದು ಮಾತ್ರ ಖಚಿತ. ಏಲಕ್ಕಿ ತೋಟಗಳಲ್ಲಿ ರೋಗಪೀಡಿತ ಗಿಡಗಳನ್ನು ಬುಡಸಮೇತ ಕಿತ್ತು ನಾಶಪಡಿಸಲು ತಜ್ಞರು ಒತ್ತಿ ಹೇಳುವುದು ಈ ಕಾರಣದಿಂದಲೇ.

ಭಾರತದ ಎರಡು ಯಶಸ್ಸುಗಳು

ಹೇನಿನೊಂದಿಗೆ ವಿಷದ ಪೈಪೋಟಿಗಿಳಿಯದೆ ಗೆದ್ದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ.

ಮೊದಲನೆಯದು ಬಿತ್ತನೆ ಆಲೂಗಡ್ಡೆಯದು. ಹೇನು ಹರಡುವ ವೈರಸ್‌ನಿಂದ ಬಯಲುಸೀಮೆಯ ಗಡ್ಡೆಗಳು ಬೇಗ ಸತ್ವ ಕಳೆದುಕೊಳ್ಳುತ್ತವೆ ಎಂಬ ಕಾರಣಕ್ಕೆ ಹಿಂದೆ ಬಿತ್ತನೆಗೆ ಬೆಟ್ಟ ಪ್ರದೇಶದ ಗಡ್ಡೆಯೇ ಬೇಕಾಗಿತ್ತು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಉತ್ತರದ ಬಯಲಿನಲ್ಲಿ ಚಳಿಗಾಲದ ಕೆಲವು ತಿಂಗಳು ಹೇನು ಅತಿ ವಿರಳವಾಗಿರುವುದನ್ನು ಗಮನಿಸಿತು. ಅಕ್ಟೋಬರ್‌ನಲ್ಲಿ ಬಿತ್ತಿ, ನೂರು ಎಲೆಗಳಿಗೆ ಹೇನಿನ ಸಂಖ್ಯೆ 20 ದಾಟುವ ಮುನ್ನವೇ, ಅಂದರೆ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ, ಗಿಡದ ಮೇಲ್ಭಾಗವನ್ನು ಕತ್ತರಿಸಿಹಾಕುವ ಪದ್ಧತಿ 1960ರ ದಶಕದಲ್ಲಿ ರೂಪುಗೊಂಡಿತು. ಹಾಸನದ ಬೆಳೆಗಾರರು ಬಿತ್ತನೆಗೆ ತರಿಸುವ ಜಲಂಧರ್ ಗಡ್ಡೆಯ ಹಿಂದೆ ಇರುವುದು ಇದೇ ಲೆಕ್ಕಾಚಾರ.

ಎರಡನೆಯದು ಕಬ್ಬಿನ ಬಿಳಿ ಉಣ್ಣೆ ಹೇನಿನದು. 2002ರಲ್ಲಿ ಮಹಾರಾಷ್ಟ್ರದಲ್ಲಿ ಸ್ಫೋಟಗೊಂಡ ಈ ಕೀಟ ಅದೇ ವರ್ಷ ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಿಗೂ ವ್ಯಾಪಿಸಿತು. ಎತ್ತರಕ್ಕೆ ಬೆಳೆದು ದಟ್ಟವಾದ ಕಬ್ಬಿನೊಳಗೆ ಔಷಧಿ ಸಿಂಪಡಿಸುವುದೇ ದುಸ್ತರವಾಗಿತ್ತು. ಆಗ ನೆರವಿಗೆ ಬಂದದ್ದು ಹೇನುಗಳನ್ನೇ ತಿಂದು ಬದುಕುವ ಡೈಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಇವುಗಳ ಸಂರಕ್ಷಣೆ ಮತ್ತು ಬಿಡುಗಡೆಗೆ ಒತ್ತು ನೀಡಿದರು. ಎನ್‌ಕಾರ್ಸಿಯಾ ಎಂಬ ಪರತಂತ್ರ ಜೀವಿಯನ್ನು ಅಸ್ಸಾಂನಿಂದ ತರಲಾಯಿತು. ಕೆಲವೇ ವರ್ಷಗಳಲ್ಲಿ ಹಾವಳಿ ಹತೋಟಿಗೆ ಬಂದಿತು. ಪರಭಕ್ಷಕಗಳು ನೆಲೆಸಿದ್ದ ಗದ್ದೆಗಳಲ್ಲಿ ಔಷಧಿ ಸಿಂಪಡಿಸಬೇಡಿ ಎಂಬುದು ಆಗ ತಜ್ಞರು ನೀಡಿದ ಮುಖ್ಯ ಸಲಹೆಯಾಗಿತ್ತು.

ನಿರೋಧಕತೆಗೂ ಬೆಲೆಯುಂಟು

ನಿರೋಧಕತೆ ಹೇನಿಗೆ ಪುಕ್ಕಟೆಯಾಗಿ ದಕ್ಕುವುದಿಲ್ಲ. ಎಸ್ಟರೇಸ್ ಹೇರಳವಾಗಿರುವ ಪೀಚ್ ಹೇನುಗಳು ಇಂಗ್ಲೆಂಡಿನ ಚಳಿಗಾಲದಲ್ಲಿ ಸಾಮಾನ್ಯ ಹೇನುಗಳಿಗಿಂತ ಹೆಚ್ಚಾಗಿ ಸಾಯುತ್ತವೆ ಎಂದು ರಾಥಮ್‌ಸ್ಟೆಡ್ ವಿಜ್ಞಾನಿಗಳು ಕಂಡುಕೊಂಡರು. ಶತ್ರು ಬಂದಾಗ ಹೇನುಗಳು ಒಂದು ಬಗೆಯ ವಾಸನೆ ಸೂಸಿ ಒಂದಕ್ಕೊಂದು ಎಚ್ಚರಿಕೆ ನೀಡುತ್ತವೆ. ನಿರೋಧಕ ಹೇನುಗಳು ಈ ಎಚ್ಚರಿಕೆಗೆ ಮಂದವಾಗಿ ಸ್ಪಂದಿಸುವುದರಿಂದ ಪರತಂತ್ರ ಕಣಜಗಳಿಗೆ ಸುಲಭವಾಗಿ ಬಲಿಯಾಗುತ್ತವೆ.

ಇದರ ಅರ್ಥ ಸರಳ. ಸಿಂಪಡಣೆಯ ಒತ್ತಡ ಕಡಿಮೆಯಾಗಿ, ಹೊಲದಲ್ಲಿ ಮಿತ್ರಕೀಟಗಳು ಉಳಿದಿದ್ದರೆ ನಿರೋಧಕ ಹೇನು ಹಿನ್ನಡೆ ಅನುಭವಿಸಬಹುದು. ಎಲ್ಲ ಮಾರ್ಪಾಡುಗಳಿಗೂ ಇದು ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಆದರೆ ಅದೇ ಔಷಧಿಯನ್ನು ಮತ್ತಷ್ಟು ಸುರಿದರೆ ಮೊದಲು ಸಾಯುವುದು ಗುಲಗಂಜಿ ಹುಳು, ಸಿರ್ಫಿಡ್ ನೊಣ ಹಾಗೂ ಕಣಜಗಳೇ. ಆಮೇಲೆ ಹೇನನ್ನು ತಡೆಯುವವರು ಯಾರೂ ಇರುವುದಿಲ್ಲ.

ಏನು ಮಾಡಬಹುದು?

ನಿರೋಧಕತೆಯನ್ನು ನಿಧಾನಗೊಳಿಸಲು ಜಗತ್ತಿನಾದ್ಯಂತ ಕೀಟತಜ್ಞರು ಒಪ್ಪುವ ಕ್ರಮಗಳು ಇವು:

* ಹೇನು ಕಂಡ ಕೂಡಲೇ ಸಿಂಪಡಿಸದೆ, ಗಿಡಗಳನ್ನು ಎಣಿಸಿ ನೋಡಿ, ಹಾನಿಯ ಮಟ್ಟ ತಲುಪಿದಾಗ ಮಾತ್ರ ಔಷಧಿ ಬಳಸುವುದು.
* ಮತ್ತೆ ಸಿಂಪಡಿಸಬೇಕಾಗಿ ಬಂದರೆ ಬೇರೆ ಗುಂಪಿನ ಔಷಧಿ ಆರಿಸುವುದು. ಬೀಜಲೇಪನವನ್ನೂ ಒಂದು ಸಿಂಪಡಣೆಯೆಂದೇ ಲೆಕ್ಕ ಹಾಕುವುದು.
* ಶಿಫಾರಸಿಗಿಂತ ಕಡಿಮೆ ಅಥವಾ ಹೆಚ್ಚು ಪ್ರಮಾಣ ಬಳಸದಿರುವುದು. ಮನಬಂದಂತೆ ಎರಡು ಮೂರು ಔಷಧಿ ಬೆರೆಸದಿರುವುದು.
* ಅತಿಯಾದ ಸಾರಜನಕ ಗೊಬ್ಬರ ತಪ್ಪಿಸುವುದು. ರಸಭರಿತ ಚಿಗುರು ಹೇನಿಗೆ ಆಹ್ವಾನ ನೀಡಿದಂತೆ.
* ಆರಂಭದ ಹಂತದಲ್ಲಿ ಶೇ 5ರ ಬೇವಿನ ಬೀಜದ ಕಷಾಯ ಬಳಸುವುದು.
* ಗುಲಗಂಜಿ ಹುಳುಗಳು ಹಾಗೂ ಕಣಜ ಹೊಕ್ಕು ಉಬ್ಬಿ ಕಂದುಬಣ್ಣಕ್ಕೆ ತಿರುಗಿದ ಹೇನುಗಳು ಹೆಚ್ಚಾಗಿ ಕಂಡರೆ ಸಿಂಪಡಣೆ ಮುಂದೂಡುವುದು.

ಯಾವ ಬೆಳೆಗೆ ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಆಯಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯುವುದು ಸೂಕ್ತ. ಅಂಗಡಿಯಲ್ಲಿ ಔಷಧಿ ಕೊಳ್ಳುವಾಗ ವ್ಯಾಪಾರಿ ಹೆಸರಿಗಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ರಾಸಾಯನಿಕದ ಹೆಸರನ್ನು ಓದುವುದು ಮೊದಲ ಹೆಜ್ಜೆ.

ಔಷಧಿಯ ಶಕ್ತಿ ಎಂಬುದು ಕೆರೆಯ ನೀರಿನಂತೆ ಊರಿನವರೆಲ್ಲರ ಸ್ವತ್ತು. ಒಬ್ಬರ ಹೊಲದಲ್ಲಿ ಹುಟ್ಟಿದ ನಿರೋಧಕ ಹೇನು ರೆಕ್ಕೆ ಮೂಡಿಸಿಕೊಂಡು ಇನ್ನೊಬ್ಬರ ಹೊಲಕ್ಕೆ ಹಾರುತ್ತದೆ. ಹೊಸ ಕೀಟನಾಶಕವೊಂದನ್ನು ಕಂಡುಹಿಡಿದು ಮಾರುಕಟ್ಟೆಗೆ ತರಲು ಹತ್ತಕ್ಕೂ ಹೆಚ್ಚು ವರ್ಷಗಳು ಬೇಕಾಗುತ್ತವೆ. ಅದನ್ನು ಸೋಲಿಸಲು ಹೇನಿಗೆ ಬೇಕಾದ ಕಾಲ ಎಷ್ಟು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸಿಂಪಡಿಸುವವರ ಕೈಯೇ.